ಅವ್ವನ ಬಲಗೆನ್ನೆಯ ಗಂಟು, ಎಡಗೆನ್ನೆಯ ಬಿಳಿ ಕಲೆ

ನಮ್ಮ ಅಳವಂಡಿ ಕಡೆ ಯಾರದ್ದಾದರೂ ಕೆನ್ನೆ ಉಬ್ಬಿದ್ದರೆ ಯಾರೂ ಎರಡನೇ ಸಲ ನೋಡೋದಿಲ್ಲ. ಒಂದೋ ಬಾಯಲ್ಲಿ ಎಲಿ-ಅಡಿಕಿ ಇರುತ್ತೆ, ಇಲ್ಲಾ ದವಡೆ ಹಲ್ಲು ನೋಯ್ತಿರುತ್ತೆ. ಎರಡೂ ಊರಿಗೆ ಹೊಸದಲ್ಲ. ಹೀಗಾಗಿ ನಮ್ಮ ಅವ್ವನ ಬಲಗೆನ್ನೆಯೊಳಗೆ ಒಂದು ಗಂಟು ನಾಲ್ಕು ವರ್ಷ ಆರಾಮಾಗಿ ಬೆಳೆಯಿತು. ಯಾರೂ ಕೇಳಲಿಲ್ಲ, ಅವ್ವ ಹೇಳಲಿಲ್ಲ.

ಬೆಂಗಳೂರಿನಲ್ಲಿ ಕೂತು ಊರಲ್ಲಿರುವ ಅಪ್ಪ-ಅಮ್ಮನ ಆರೋಗ್ಯವನ್ನು ಫೋನಿನಲ್ಲೇ ವಿಚಾರಿಸುವವರು ನಮ್ಮಲ್ಲಿ ಬಹಳ ಜನ ಇದ್ದೀವಿ. ‘ಆರಾಮ ಅದೀಯವ್ವಾ?’ ಅಂದರೆ ‘ಆರಾಮ ಅದೀನಿ’ ಅನ್ನೋದೇ ಉತ್ತರ. ಆ ಮಾತಿನ ಹಿಂದೆ ಏನೆಲ್ಲ ಇರಬಹುದು ಅಂತ ನಿಮಗೂ ಗೊತ್ತಿರುತ್ತೆ. ಅದಕ್ಕೇ ಇದನ್ನು ಬರೀತಿದ್ದೀನಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಊಟ ಮಾಡೋ ರೀತಿ ಬೇರೆ ಆಗಿತ್ತು. ಖಟಿ ರೊಟ್ಟಿ ಅಂದ್ರೆ ಪ್ರಾಣ ಬಿಡುವಾಕಿ, ಅದನ್ನ ಸಾರಿನಲ್ಲಿ ನೆನೆಸಿ ಬರೀ ಎಡಗಡೆ ಅಗಿಯುತ್ತಿದ್ದಳು. ಕೇಳಿದರೆ ‘ಹಲ್ಲ ಸಡ್ಲ ಆಗ್ಯಾವು’ ಅಂದಳು. ವೈನಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು: ‘ಹಲ್ಲಲ್ಲ, ಒಳಗ ಗಂಟ ಐತಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ.’

ಯಾಕೆ ಮುಚ್ಚಿಟ್ಟಿದ್ದಳು ಅನ್ನೋದಕ್ಕೆ ನಮ್ಮ ಮನೆಯಲ್ಲಿ ಒಂದು ಇತಿಹಾಸ ಇದೆ. ನಮ್ಮ ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಗುಟ್ಕಾ ಚಟ. ದವಡೆ ಅರ್ಧ ತೆಗೆದರು, ರೇಡಿಯೇಷನ್ ಕೊಟ್ಟರು, ಒಂದೂವರೆ ವರ್ಷಕ್ಕೆ ಹೋದರು. ಅಷ್ಟರಲ್ಲಿ ನಾಲ್ಕು ಎಕರೆ ಎರೆ ಹೊಲ ಮಾರಿಯಾಗಿತ್ತು. ಅವರಿಗೆ ಕೊನೆ ದಿನಗಳಲ್ಲಿ ಗಂಜಿ ಕುಡಿಸಿದ್ದು ನಮ್ಮ ಅವ್ವನೇ. ಹಾಗಾಗಿ ತನ್ನ ಕೆನ್ನೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕ ದಿನವೇ ಅವಳು ರೋಗಕ್ಕೆ ಹೆಸರಿಟ್ಟಿದ್ದಳು, ತೀರ್ಪನ್ನೂ ಕೊಟ್ಟಿದ್ದಳು. ನಾನು ಆಸ್ಪತ್ರೆ ಅಂದ ಕೂಡಲೇ ಹೇಳಿದ್ದು ಒಂದೇ ಮಾತು: ‘ಉಳದಿದ್ದು ಅದೊಂದ ಹೊಲ. ಅದನ್ನ ನನ್ನ ಬಾಯಾಗ ಹಾಕಬ್ಯಾಡ್ರಿ.’

ಈ ಮಾತಿಗೆ ಉತ್ತರ ಕೊಡೋದು ಸುಲಭ ಇರಲಿಲ್ಲ. ಯಾಕಂದ್ರೆ ಅವಳ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ಅವ್ವನೂ ಎಲೆ, ಅಡಿಕೆ, ಸುಣ್ಣದ ಜೊತೆ ತಂಬಾಕು ಹಾಕುವಾಕಿ, ಅದೂ ಮೂವತ್ತು ವರ್ಷದಿಂದ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣೋ ಕ್ಯಾನ್ಸರ್‌ಗಳಲ್ಲಿ ಬಾಯಿಯದ್ದು ಮುಂಚೂಣಿಯಲ್ಲಿದೆ. ಹೆಂಗಸರೂ ಇದರಿಂದ ಹೊರತಲ್ಲ. ತಂಬಾಕು ಹಾಗಿರಲಿ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿಗೆ ಸೇರಿಸಿದೆ.

ಮೊದಲ ಎರಡು ವಾರ ಹೋಗಿದ್ದು ಗುಳಿಗೆಯಲ್ಲಿ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹೊರಗಿನಿಂದ ಕೆನ್ನೆ ಮುಟ್ಟಿ ನೋಡಿ, ‘ಹಲ್ಲಿನ ಕೀವು ಇರಬೇಕು’ ಅಂತ ಆಂಟಿಬಯಾಟಿಕ್ ಕೊಟ್ಟರು. ಗಂಟು ಹಾಗೇ ಇತ್ತು. ಇನ್ನೊಂದು ಕೋರ್ಸ್ ಕೊಟ್ಟರು. ಆಗಲೂ ಹಾಗೇ ಇತ್ತು. ಬಾಯಿ ತೆಗೆಸಿ ಒಳಗೆ ಯಾರೂ ನೋಡಿರಲಿಲ್ಲ. ಅಷ್ಟರಲ್ಲಿ ಊರಿನ ಸಲಹೆಗಳೂ ಶುರುವಾದವು. ಒಬ್ಬರು ‘ಇದು ಬರೇ ಕೊಬ್ಬಿನ ಗಂಟು, ಮುಟ್ಟಬ್ಯಾಡ್ರಿ, ಮುಟ್ಟಿದ್ರ ಕ್ಯಾನ್ಸರ್ ಆಗತೈತಿ’ ಅಂದರು. ಇನ್ನೊಬ್ಬರು ಗಿಡಮೂಲಿಕೆ ಲೇಪ ಹಚ್ಚೋರ ವಿಳಾಸ ಕೊಟ್ಟರು. ಮತ್ತೊಬ್ಬರು ದೊಡ್ಡಪ್ಪನ ಕಥೆಯನ್ನೇ ಮೊದಲಿಂದ ಹೇಳಿ ಕಣ್ಣೀರು ಹಾಕಿ ಹೋದರು. ನಾನು ರಾತ್ರಿ ಫೋನಿನಲ್ಲಿ ಹುಡುಕಿದೆ. ಅಲ್ಲಿ ಸಿಕ್ಕ ಉತ್ತರಗಳು ಇವರೆಲ್ಲರ ಮಾತನ್ನೂ ಒಟ್ಟಿಗೆ ಸೇರಿಸಿದ ಹಾಗಿದ್ದವು.

ಕೊನೆಗೆ ಅವ್ವನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ‘ಹೊಲ ಮಾರೂ ಮಾತ ಯಾರೂ ಎತ್ತಂಗಿಲ್ಲ. ಇದು ಏನಂತ ತಿಳ್ಕೊಳ್ಳೂದಷ್ಟ ಮಾಡೂಣು. ಆಮ್ಯಾಲಿಂದ ನೀ ಹೇಳಿದಂಗ.’ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಿಳ್ಕೊಳ್ಳಾಕ ರೊಕ್ಕ ಬೀಳಂಗಿಲ್ಲೇನು?’ ಅಂದಳು. ಆದರೂ ಬಂದಳು. ಕೊಪ್ಪಳದಲ್ಲಿ ರೈಲು ಹತ್ತಿ, ಗದಗ ದಾಟಿ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಧಾರವಾಡದ ಒಂದು ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ.

ಬಾಯಲ್ಲಿ ಗಂಟು ಅಂದರೆ ಯಾವ ಡಾಕ್ಟರ ಹತ್ತಿರ ಹೋಗಬೇಕು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ದಂತ ಕಾಲೇಜುಗಳಲ್ಲಿ ಬಾಯಿಯ ರೋಗಗಳಿಗೇ ಅಂತ ಒಂದು ವಿಭಾಗ ಇರುತ್ತೆ, ಬಾಯಿ ಮತ್ತು ದವಡೆಯ ಸರ್ಜರಿಗೆ ಇನ್ನೊಂದು. ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೂ ಹೋಗಬಹುದು.

ಅಲ್ಲಿನ ಡಾಕ್ಟರು ಮೊದಲು ಮಾಡಿದ್ದು ಯಾವ ಮಷೀನೂ ಬೇಕಾಗದ ಕೆಲಸ. ಒಂದು ಬೆರಳು ಬಾಯೊಳಗೆ, ಇನ್ನೊಂದು ಕೈ ಕೆನ್ನೆಯ ಹೊರಗೆ ಇಟ್ಟು, ಎರಡರ ಮಧ್ಯೆ ಗಂಟನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಗಂಟು ಜಾರುತ್ತಿತ್ತು, ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ಮೇಲಿನ ಚರ್ಮ ನುಣುಪಾಗಿತ್ತು, ಹುಣ್ಣಿಲ್ಲ. ಜೋಮು ಹಿಡಿಯುತ್ತಾ? ಇಲ್ಲ. ಬಾಯಿ ಪೂರ್ತಿ ತೆಗೆಯೋಕೆ ಬರುತ್ತಾ? ಬರುತ್ತೆ. ಊಟ ಮಾಡುವಾಗ ಊದಿ ಆಮೇಲೆ ಇಳಿಯುತ್ತಾ? ಇಲ್ಲ. ಈ ಕೊನೆಯ ಪ್ರಶ್ನೆ ಜೊಲ್ಲಿನ ಕೊಳವೆಯಲ್ಲಿ ಕಲ್ಲು ಕಟ್ಟಿದೆಯಾ ಅಂತ ತಿಳಿಯೋಕೆ. ಆಮೇಲೆ ಮೇಲಿನ ದವಡೆಯ ಎರಡನೇ ದೊಡ್ಡ ಹಲ್ಲಿನ ಎದುರು ಕೆನ್ನೆಯಲ್ಲಿರೋ ಒಂದು ಚುಕ್ಕೆಯಂಥ ರಂಧ್ರ ತೋರಿಸಿದರು. ಹೊರಗಿನಿಂದ ಕೆನ್ನೆ ಒತ್ತಿದಾಗ ಅಲ್ಲಿಂದ ನೀರಿನಂಥ ಜೊಲ್ಲು ತಿಳಿಯಾಗಿ ಬಂತು. ಕಿವಿಯ ಮುಂದಿರೋ ದೊಡ್ಡ ಜೊಲ್ಲು ಗ್ರಂಥಿಯ ಬಾಯಿ ಅದು. ನೀಲ್ಸ್ ಸ್ಟೆನ್ಸೆನ್ ಅನ್ನೋ ಡೆನ್ಮಾರ್ಕಿನ ವಿದ್ಯಾರ್ಥಿ 1660ರಲ್ಲಿ ಕುರಿಯ ತಲೆಯನ್ನು ಕೊಯ್ದು ನೋಡುವಾಗ ಅದನ್ನು ಕಂಡನಂತೆ. ಅದಕ್ಕೇ ಇವತ್ತಿಗೂ ಆ ಕೊಳವೆಗೆ ಅವನದೇ ಹೆಸರು.

ಜೊಲ್ಲು ಗ್ರಂಥಿ ಅಂದ್ರೆ ಮೂರು ಜೋಡಿ ಅಂತ ಶಾಲೆಯಲ್ಲಿ ಓದಿದ್ದೆವು: ಕಿವಿಯ ಹತ್ತಿರ, ದವಡೆಯ ಕೆಳಗೆ, ನಾಲಿಗೆಯ ಕೆಳಗೆ. ಅವಲ್ಲದೆ ತುಟಿ, ಕೆನ್ನೆ, ಅಂಗುಳದ ತುಂಬ 600ರಿಂದ 1000ದಷ್ಟು ಪುಟ್ಟ ಪುಟ್ಟ ಗ್ರಂಥಿಗಳಿವೆ. ಬಾಯಿ ಯಾವಾಗಲೂ ಪಸೆಯಾಗಿರೋದು ಅವುಗಳಿಂದಲೂ. ಅವ್ವನ ಗಂಟು ಅಂಥದೇ ಒಂದು ಪುಟ್ಟ ಗ್ರಂಥಿಯಿಂದ ಹುಟ್ಟಿರಬಹುದು ಅಂತ ಡಾಕ್ಟರ ಅಂದಾಜು. ಆದರೆ ಕೊಬ್ಬಿನ ಗಂಟು, ನಾರಿನ ಗಂಟು, ನರದ ಗಂಟು, ನೀರು ತುಂಬಿದ ಚೀಲ, ಇವೆಲ್ಲ ಮುಟ್ಟಿದರೆ ಹೆಚ್ಚು ಕಡಿಮೆ ಹೀಗೇ ಇರುತ್ತವಂತೆ.

‘ಕ್ಯಾನ್ಸರಾ ಸರ್?’ ಅಂತ ಕೇಳಿದೆ.

ಅವರು ಸುತ್ತಿ ಬಳಸಿ ಮಾತಾಡಲಿಲ್ಲ. ಕಿವಿ ಹತ್ತಿರದ ದೊಡ್ಡ ಗ್ರಂಥಿಯಲ್ಲಿ ಬರೋ ಗಡ್ಡೆಗಳು ಹತ್ತರಲ್ಲಿ ಸುಮಾರು ಎಂಟು ಕ್ಯಾನ್ಸರ್ ಅಲ್ಲ. ಈ ಪುಟ್ಟ ಗ್ರಂಥಿಗಳಲ್ಲಿ ಹಾಗಲ್ಲ, ಹತ್ತಿರ ಹತ್ತಿರ ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ‘ಲಕ್ಷಣ ನೋಡಿದರೆ ಒಳ್ಳೇದೇ ಅನ್ನಿಸ್ತದೆ. ಆದ್ರೆ ಅನ್ನಿಸೋದಕ್ಕೂ ಗೊತ್ತಾಗೋದಕ್ಕೂ ವ್ಯತ್ಯಾಸ ಇದೆ. ಗಡ್ಡೆಯ ತುಣುಕನ್ನ ಮೈಕ್ರೋಸ್ಕೋಪಿನಲ್ಲಿ ನೋಡೋವರೆಗೂ ನಾನು ಹೆಸರು ಹೇಳೋದಿಲ್ಲ’ ಅಂದರು.

ಆಮೇಲೆ ಟಾರ್ಚನ್ನು ಎಡಗಡೆ ತಿರುಗಿಸಿದರು. ಅಲ್ಲಿ ಕೆನ್ನೆಯ ಒಳಗೆ, ಅವ್ವ ದಿನವೂ ತಂಬಾಕು ಒತ್ತರಿಸಿ ಇಡೋ ಜಾಗದಲ್ಲಿ, ಒಂದು ಬಿಳಿ ಕಲೆ ಇತ್ತು. ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ. ನೋವಿಲ್ಲ, ಉರಿ ಇಲ್ಲ, ಗಂಟಿಲ್ಲ. ಅದು ಇದೆ ಅಂತ ಅವ್ವನಿಗೂ ಗೊತ್ತಿರಲಿಲ್ಲ. ಡಾಕ್ಟರು ಗಂಟಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು.

ಮುಂದಿನ ದಿನಗಳಲ್ಲಿ ಸ್ಕ್ಯಾನ್ ಆಯಿತು. ಗಂಟು ಎರಡೂವರೆ ಸೆಂಟಿಮೀಟರ್, ಅಂಚು ಸ್ಪಷ್ಟ, ಎಲುಬಿಗೆ ಮುಟ್ಟಿಲ್ಲ. ನಂತರ ಎಫ್‌ಎನ್‌ಎಸಿ. ಅಂದರೆ ಸಣ್ಣ ಸೂಜಿ ಚುಚ್ಚಿ, ಒಂದಷ್ಟು ಜೀವಕೋಶ ಎಳೆದು, ಗಾಜಿನ ಸ್ಲೈಡಿನ ಮೇಲೆ ಹರಡಿ ನೋಡೋದು. ‘ಸೂಜಿ ಚುಚ್ಚಿದ್ರ ರೋಗ ಹರಡತೈತಿ’ ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆ ಭಯಕ್ಕೇ ಎಷ್ಟೋ ಜನ ವಾಪಸ್ ಹೋಗ್ತಾರೆ ಅಂತ ಅಲ್ಲಿನ ನರ್ಸ್ ಹೇಳಿದರು. ಇಷ್ಟು ಸಣ್ಣ ಸೂಜಿಯಿಂದ ಹಾಗೆ ಹರಡೋದು ತೀರಾ ಅಪರೂಪ ಅಂತ ಡಾಕ್ಟರು ಅವ್ವನಿಗೆ ಕನ್ನಡದಲ್ಲೇ, ನಿಧಾನವಾಗಿ ವಿವರಿಸಿದರು.

ರಿಪೋರ್ಟ್ ಬಂತು. ‘ಜೊಲ್ಲು ಗ್ರಂಥಿಯ ಗಡ್ಡೆ ಹೌದು, ಆದರೆ ಒಳ್ಳೆಯದೋ ಕೆಟ್ಟದ್ದೋ ಇಷ್ಟರಲ್ಲಿ ಹೇಳಲಾಗದು’ ಅನ್ನೋದು ಅದರ ಸಾರ. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಓಡಾಡಿ ‘ಗೊತ್ತಿಲ್ಲ’ ಅನ್ನೋ ಉತ್ತರವಾ? ಆಮೇಲೆ ತಿಳಿದದ್ದು, ಅದು ಕೈ ತೊಳೆದುಕೊಳ್ಳೋ ಉತ್ತರ ಅಲ್ಲ. ಮಿಲಾನ್ ಪದ್ಧತಿ ಅಂತ 2018ರಿಂದ ಜಗತ್ತಿನಾದ್ಯಂತ ಜೊಲ್ಲು ಗ್ರಂಥಿಯ ಸೂಜಿ ಪರೀಕ್ಷೆಗೆ ಒಂದು ವರ್ಗೀಕರಣ ಇದೆ. ಅದರಲ್ಲಿ ಈ ಉತ್ತರಕ್ಕೇ ಒಂದು ಪ್ರತ್ಯೇಕ ವರ್ಗ ಇದೆ. ಕಾರಣ ಸರಳ. ಕೆಲವು ಗಡ್ಡೆಗಳಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಜೀವಕೋಶ ನೋಡೋಕೆ ಒಂದೇ ಥರ ಇರುತ್ತೆ. ಗಡ್ಡೆ ತನ್ನ ಬೇಲಿ ದಾಟಿ ಪಕ್ಕದ ಮಾಂಸಕ್ಕೆ ನುಗ್ಗಿದೆಯಾ ಅನ್ನೋದೇ ವ್ಯತ್ಯಾಸ. ಸೂಜಿಗೆ ಸಿಗೋದು ಬಿಡಿ ಕೋಶಗಳು, ಬೇಲಿ ಅಲ್ಲ. ಅಂಚಿನ ಸಮೇತ ಪೂರ್ತಿ ಗಡ್ಡೆ ತೆಗೆದರೆ ಮಾತ್ರ ಗೊತ್ತಾಗುತ್ತೆ.

ಅಂದರೆ ಇಲ್ಲಿ ಆಪರೇಷನ್ನೇ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಇದನ್ನು ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ಗವಿಮಠದ ಜಾತ್ರಿ ಮುಗೀಲಿ. ಅಜ್ಜಾರ ತೇರ ನೋಡಿ ಬರ್ತೀನಿ.’ ಡಾಕ್ಟರಿಗೆ ಫೋನ್ ಮಾಡಿದೆ. ನಾಲ್ಕು ವರ್ಷದಿಂದ ನಿಧಾನ ಬೆಳೆದ ಗಂಟು, ಎರಡು ವಾರ ತಡೆಯಬಹುದು ಅಂದರು. ಜನವರಿಯ ಆ ಜನಸಾಗರದಲ್ಲಿ ಅವ್ವ ತೇರಿಗೆ ಕೈ ಮುಗಿದು ನಿಂತಿದ್ದಳು. ಏನು ಬೇಡಿಕೊಂಡಳು ಅಂತ ನಾನು ಕೇಳಲಿಲ್ಲ.

ಆಪರೇಷನ್ ಬಾಯಿಯ ಒಳಗಿನಿಂದಲೇ ಆಯಿತು. ಹೊರಗೆ ಒಂದು ಗೆರೆಯೂ ಇಲ್ಲ. ಕೆನ್ನೆಯಲ್ಲಿ ಮುಖದ ನರದ ಕವಲುಗಳು, ಆ ಸ್ಟೆನ್ಸೆನ್ ಕೊಳವೆ ಎಲ್ಲ ಹತ್ತಿರ ಹತ್ತಿರ ಇರೋದ್ರಿಂದ ಜೋಪಾನವಾಗಿ ಮಾಡಬೇಕಾದ ಕೆಲಸ. ಗಡ್ಡೆಯನ್ನು ಬಟಾಣಿ ಸುಲಿದ ಹಾಗೆ ಬರೀ ಕಿತ್ತು ತೆಗೆಯದೆ, ಸುತ್ತಲಿನ ಸ್ವಲ್ಪ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆದರು. ಅಂಚಿನಲ್ಲಿ ಒಂದಿಷ್ಟು ಉಳಿದರೂ ವರ್ಷಗಳ ಮೇಲೆ ಮತ್ತೆ ಬೆಳೆಯಬಹುದು. ಅದೇ ಹೊತ್ತಿಗೆ ಎಡಗೆನ್ನೆಯ ಬಿಳಿ ಕಲೆಯಿಂದಲೂ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ನಂತರ ಹನ್ನೆರಡು ದಿನ ಕಾಯುವುದು. ನನ್ನ ಕೆಲಸದಲ್ಲಿ ಒಂದು ಬಟನ್ ಒತ್ತಿದರೆ ಹತ್ತು ನಿಮಿಷದಲ್ಲಿ ಟೆಸ್ಟ್ ಎಲ್ಲ ಓಡಿ ಹಸಿರು ಅಥವಾ ಕೆಂಪು ಬರುತ್ತೆ. ಇಲ್ಲಿ ಯಾಕೆ ಇಷ್ಟು ದಿನ ಅಂತ ವಿಚಾರಿಸಿದೆ. ಗಡ್ಡೆಯನ್ನು ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿ ಗಟ್ಟಿ ಮಾಡ್ತಾರೆ. ನೀರಿನಂಶ ತೆಗೆದು ಮೇಣದಲ್ಲಿ ಅಚ್ಚು ಹಾಕ್ತಾರೆ. ಅದನ್ನು ಮೂರರಿಂದ ಐದು ಮೈಕ್ರಾನ್ ತೆಳುವಾಗಿ, ಅಂದರೆ ನಮ್ಮ ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳುವಾಗಿ ಹೋಳು ಮಾಡ್ತಾರೆ. ಗುಲಾಬಿ, ನೇರಳೆ ಬಣ್ಣ ಹಾಕಿ ಆಮೇಲೆ ಒಬ್ಬ ಮನುಷ್ಯ ಕೂತು ಕಣ್ಣಿಂದ ನೋಡಬೇಕು. ಅವ್ವನ ಸ್ಲೈಡ್ ನೋಡಿದವರಿಗೆ ಅಷ್ಟರಲ್ಲೂ ಸಮಾಧಾನ ಆಗದೆ, ವಿಶೇಷ ಬಣ್ಣದ ಇನ್ನೊಂದು ಪರೀಕ್ಷೆಗೆ ಹಾಕಿದ್ದರು. ಯಾವ ಕೋಶದಲ್ಲಿ ಯಾವ ಪ್ರೋಟೀನ್ ಇದೆ ಅಂತ ತೋರಿಸೋ ಪರೀಕ್ಷೆ ಅದು.

ಫೆಬ್ರವರಿಯಲ್ಲಿ ಹೆಸರು ಸಿಕ್ಕಿತು: ಮಯೋಎಪಿಥೀಲಿಯೋಮಾ. ಕ್ಯಾನ್ಸರ್ ಅಲ್ಲ. ಬೇಲಿ ದಾಟಿಲ್ಲ. ಅಂಚುಗಳಲ್ಲಿ ಏನೂ ಉಳಿದಿಲ್ಲ.

ಜೊಲ್ಲು ಗ್ರಂಥಿಗಳ ಗಡ್ಡೆಗಳಲ್ಲಿ ಇದು ನೂರಕ್ಕೆ ಒಂದೋ ಒಂದೂವರೆಯೋ. ಅದೂ ಹೆಚ್ಚಾಗಿ ಕಿವಿ ಹತ್ತಿರದ ಗ್ರಂಥಿಯಲ್ಲಿ ಅಥವಾ ಅಂಗುಳದಲ್ಲಿ ಬರೋದು. ಕೆನ್ನೆಯಲ್ಲಿ ಇನ್ನೂ ಅಪರೂಪ. ಸಾಮಾನ್ಯವಾಗಿ ಕಾಣೋದು ಪ್ಲಿಯೋಮಾರ್ಫಿಕ್ ಅಡೆನೋಮಾ ಅನ್ನೋ ಗಡ್ಡೆ. ಇದು ಅದರ ಹತ್ತಿರದ ನೆಂಟ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ತನ್ನ ಪಟ್ಟಿಯಲ್ಲಿ ಬೇರೆಯದೇ ಜಾಗ ಕೊಟ್ಟಿದ್ದು 1991ರಲ್ಲಿ.

ಇದನ್ನೆಲ್ಲ ಅವ್ವನಿಗೆ ಹೇಗೆ ಹೇಳೋದು? ಡಾಕ್ಟರೇ ದಾರಿ ತೋರಿಸಿದರು. ಜೊಲ್ಲು ಗ್ರಂಥಿಯ ಸುತ್ತ ಒಂದು ಜಾತಿಯ ಕೋಶಗಳು ಬೆರಳು ಚಾಚಿ ತಬ್ಬಿಕೊಂಡಿರುತ್ತವೆ. ಅವು ಹಿಂಡಿದಾಗ ಜೊಲ್ಲು ಹೊರಗೆ ಬರುತ್ತೆ. ‘ನೀವು ಎಮ್ಮಿ ಹಿಂಡ್ತೀರಲ್ಲಮ್ಮ, ಹಂಗ. ಆ ಹಿಂಡೋ ಕೈಗಳೇ ಲೆಕ್ಕ ತಪ್ಪಿ ಹೆಚ್ಚಾಗಿ ಗಂಟಾಗಿದ್ವು’ ಅಂದರು. ಅವ್ವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ‘ಹಂಗಾರ ತಂಬಾಕಿಂದ ಅಲ್ಲೇಳ್ರಿ?’ ಅಂತ ಕೇಳಿದಳು, ಕಣ್ಣಲ್ಲಿ ಒಂದು ಆಸೆ ಇಟ್ಟುಕೊಂಡು.

‘ಈ ಗಂಟು ತಂಬಾಕಿಂದ ಅಂತ ಹೇಳೋಕೆ ಬರಲ್ಲ. ಆದ್ರೆ ಆ ಕಡೆದು ತಂಬಾಕಿಂದಲೇ.’

ಎರಡನೇ ರಿಪೋರ್ಟ್ ಆ ಬಿಳಿ ಕಲೆಯದು. ಲ್ಯೂಕೋಪ್ಲೇಕಿಯಾ, ಕೋಶಗಳಲ್ಲಿ ಸ್ವಲ್ಪ ಬದಲಾವಣೆ ಶುರುವಾಗಿದೆ ಅಂತ ಇತ್ತು. ಇವತ್ತು ಕ್ಯಾನ್ಸರ್ ಅಲ್ಲ, ನಾಳೆ ಆಗಬಹುದಾದದ್ದು. ಎಲ್ಲವೂ ಆಗುವುದಿಲ್ಲ, ತಂಬಾಕು ಬಿಟ್ಟರೆ ಎಷ್ಟೋ ಕಲೆಗಳು ತಾವೇ ಕಡಿಮೆಯಾಗುತ್ತವೆ. ಆದರೆ ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಹಾಗಾಗಿ ಬಿಡಬೇಕು, ತಪ್ಪದೆ ತೋರಿಸ್ತಾ ಇರಬೇಕು.

ನಾಲ್ಕು ವರ್ಷ ಅವ್ವ ಹೆದರಿದ್ದು ಬಲಗಡೆಗೆ. ಅಲ್ಲಿದ್ದದ್ದು ಹೆಸರು ದೊಡ್ಡದಾದ ಒಂದು ಸಾಧು ಗಡ್ಡೆ. ಎಡಗಡೆ, ನೋವೂ ಇಲ್ಲದೆ ಕೈಗೂ ಸಿಗದೆ ಕೂತಿತ್ತು ನಿಜವಾಗಿ ಹೆದರಬೇಕಾದದ್ದು. ಬಲಗಡೆಯ ಗಂಟು ಬರದೇ ಹೋಗಿದ್ದರೆ ಅವಳ ಬಾಯಿಯೊಳಗೆ ಯಾರೂ ಟಾರ್ಚ್ ಬಿಡುತ್ತಲೇ ಇರಲಿಲ್ಲ.

ಇಷ್ಟು ಓಡಾಟದಿಂದ ನಾನು ತಿಳಿದುಕೊಂಡಿದ್ದು ಇದು: ಹೆಸರಿಡೋಕೆ ಅವಸರ ಬೇಡ, ತೋರಿಸೋಕೆ ತಡ ಬೇಡ. ನಮ್ಮ ಮನೆಗಳಲ್ಲಿ ನಡೆಯೋದು ಇದಕ್ಕೆ ಉಲ್ಟಾ. ಗಂಟು ಕಂಡ ಕೂಡಲೇ ‘ಕ್ಯಾನ್ಸರ್’ ಅಂತಲೋ ‘ಏನಿಲ್ಲ ಬಿಡು’ ಅಂತಲೋ ಹೆಸರಿಡ್ತೀವಿ. ಎರಡರಲ್ಲಿ ಯಾವ ಹೆಸರಿಟ್ಟರೂ ಪರಿಣಾಮ ಒಂದೇ, ಆಸ್ಪತ್ರೆಗೆ ಹೋಗೋದಿಲ್ಲ.

ಖರ್ಚಿನ ವಿಷಯವನ್ನೂ ಹೇಳಬೇಕು, ಅವ್ವನ ಭಯ ಇದ್ದದ್ದೇ ಅಲ್ಲಿ. ಸ್ಕ್ಯಾನ್, ಆಪರೇಷನ್, ಎಲ್ಲ ಪರೀಕ್ಷೆ ಸೇರಿ ಬಂದ ಬಿಲ್ ನನ್ನ ಒಂದು ತಿಂಗಳ ಸಂಬಳದೊಳಗೇ ಮುಗಿಯಿತು. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಬಗ್ಗೆ ಅಲ್ಲೇ ಕೇಳಿ. ಹೊಲ ಮಾರುವಂಥ ಖರ್ಚು ಬರೋದು ಬಹುತೇಕ ತಡ ಮಾಡಿದಾಗ.

ಇನ್ನು ನೋಡುವುದು. ಬಾಯಲ್ಲಿ ಎರಡು-ಮೂರು ವಾರವಾದರೂ ವಾಸಿಯಾಗದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಕಲೆ, ಯಾವುದೇ ಗಂಟು, ಬಾಯಿ ತೆಗೆಯಲು ಕಷ್ಟ, ಜೋಮು, ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಬೇಕು. ಬರೀ ಕಣ್ಣಿಂದ ನೋಡಿದರೆ ಏನು ಗೊತ್ತಾಗುತ್ತೆ ಅನ್ನಬೇಡಿ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು.

ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಿಂದ ನಿಷೇಧ. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬರೋದು ಅಂಗಡಿ ಮುಂದೆ ನಿಂತವರಿಗೆಲ್ಲ ಗೊತ್ತು. ಐಟಿ ಕಂಪನಿಗಳ ಗೇಟಿನ ಎದುರೂ ಅದೇ ಚೀಟಿಗಳು ತೂಗುತ್ತವೆ. ಹಾಗಾಗಿ ಇದು ಬರೀ ಊರಿನವರ ಕಥೆ ಅಲ್ಲ. ಬಿಡಬೇಕು ಅಂತ ಮನಸ್ಸಿದ್ದವರಿಗೆ 1800-11-2356 ಅಂತ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ.

ಅವ್ವ ತಂಬಾಕು ಬಿಟ್ಟು ಈಗ ಐದು ತಿಂಗಳು. ಮೊದಲ ತಿಂಗಳು ಮನೆಯವರನ್ನೆಲ್ಲ ಬೈದು ಹಣ್ಣು ಮಾಡಿದಳು, ತಲೆನೋವು ಅಂತ ಮಲಗಿದಳು, ಎರಡು ಸಲ ಕದ್ದು ಹಾಕಿ ಸಿಕ್ಕಿಬಿದ್ದಳು. ಈಗ ಸೊಂಟದ ಚೀಲದಲ್ಲಿ ಸೋಂಪು, ಲವಂಗ ಇರುತ್ತೆ. ಕಳೆದ ಸಲ ತೋರಿಸಿದಾಗ ಕಲೆ ಸ್ವಲ್ಪ ತೆಳುವಾಗಿದೆ ಅಂದರು, ಪೂರ್ತಿ ಹೋಗಿಲ್ಲ. ಬಲಗಡೆಯ ಗಂಟು ಮತ್ತೆ ಬರದ ಹಾಗೆ ನೋಡೋಕೂ ಕೆಲವು ವರ್ಷ ತಪಾಸಣೆ ಇದ್ದೇ ಇದೆ. ಮುಂದಿನ ತಾರೀಖು ಸೆಪ್ಟೆಂಬರಿನಲ್ಲಿ.

ಮೊನ್ನೆ ವೈನಿ ಫೋನಿನಲ್ಲಿ ನಗುತ್ತಾ ಹೇಳಿದರು. ಓಣಿಯ ಹೆಂಗಸರು ಮಾತಾಡೋಕೆ ಕಟ್ಟೆಗೆ ಬಂದರೆ ಅವ್ವ ಸುಮ್ಮನೆ ಕೂರೋದಿಲ್ಲವಂತೆ. ಅಣ್ಣನ ಮೊಬೈಲ್ ಇಸಗೊಂಡು ಟಾರ್ಚ್ ಹಾಕಿ, ‘ಎಲ್ಲಿ, ಬಾಯಿ ತಗೀ ನೋಡೂಣು’ ಅಂತಾಳಂತೆ. ಒಬ್ಬರ ಬಾಯಲ್ಲಿ ಏನೋ ಬಿಳಿ ಕಂಡಿದೆಯಂತೆ. ಅವರನ್ನು ಕರಕೊಂಡು ಬರೋ ಸೋಮವಾರ ಕೊಪ್ಪಳಕ್ಕೆ ಹೋಗ್ತಾಳಂತೆ.